ಮುರಿದು ಹಾಕಿದ ಮೂವತ್ತನಾಲ್ಕು

ಬೆಲ್ಟಕ್ಕನಿಗೆ ಆ ಹೆಸರು ಬಂದದ್ದು ಯಾರಿಗೋ ಬೆಲ್ಟಿನಲ್ಲಿ ಬಾರಿಸಿದ್ದಕ್ಕಲ್ಲ. ಬಾರಿಸುವ ಕೆಲಸವನ್ನು ಅವಳ ನಾಲಿಗೆಯೇ ಚೆನ್ನಾಗಿ ಮಾಡುತ್ತಿತ್ತು, ಬೆಲ್ಟು ಬೇಕಾಗುತ್ತಿರಲಿಲ್ಲ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಒಲೆಯ ಬಾಯಿಂದ ಹೊರಬಿದ್ದ ಬಿಸ್ಕತ್ತುಗಳು ಸಾಲು ಹಿಡಿದು ಸಾಗಿ ಬರುವ ಉದ್ದನೆಯ ಪಟ್ಟಿ, ಅಂದರೆ ಬೆಲ್ಟು, ಇರುತ್ತದಲ್ಲ, ಅದರ ಪಕ್ಕದಲ್ಲಿ ಇಪ್ಪತ್ತೆಂಟು ವರ್ಷ ನಿಂತವಳು ಅವಳು. ನಿಂತು ನಿಂತು ಕಾಲಿನ ನರ ಉಬ್ಬಿದವು, ಮೂಗಿನ ಮೇಲೆ ಕನ್ನಡಕ ಬಂತು, ಆದರೆ ಪಟ್ಟಿಯ ಮೇಲಿಂದ ಕಣ್ಣು ಮಾತ್ರ ಕದಲಲಿಲ್ಲ.

ಕೆಲಸ ಏನು ಅಂತ ಕೇಳಿದರೆ ಒಂದೇ ಮಾತಿನಲ್ಲಿ ಹೇಳಬಹುದು. ಸರಿ ಇದ್ದದ್ದನ್ನು ಮುಂದಕ್ಕೆ ಹೋಗಲು ಬಿಡುವುದು, ಸರಿ ಇಲ್ಲದ್ದನ್ನು ಎತ್ತಿ ಬಿಸಾಕುವುದು. ಒಂದು ಉಕ್ಕಿನ ಬಳೆ ಕೊಟ್ಟಿದ್ದರು, ಬಿಸ್ಕತ್ತು ಅದರೊಳಗೆ ಬಿಗಿಯಾಗಿಯೂ ಕೂರಬಾರದು, ಅಲ್ಲಾಡಲೂಬಾರದು. ಬಣ್ಣ ನೋಡಲು ಮೂರು ಥರದ ಕಂದು ಬಳಿದ ಒಂದು ರಟ್ಟು, ನಡುವಿನದು ಮಾತ್ರ ಪಾಸು. ಇನ್ನೊಂದು ನಿಯಮ ಇತ್ತು. ಎತ್ತಿದ ಬಿಸ್ಕತ್ತನ್ನು ಸುಮ್ಮನೆ ಬುಟ್ಟಿಗೆ ಹಾಕುವ ಹಾಗಿಲ್ಲ, ಅಲ್ಲೇ ಆ ಕ್ಷಣವೇ ಮುರಿದು ಹಾಕಬೇಕು. ಹಿಂದೆ ಯಾರೋ ಪ್ಯಾಕಿಂಗಿನವರು ಲೆಕ್ಕ ತುಂಬಿಸೋಕೆ ಅಂತ ಬುಟ್ಟಿಯಲ್ಲಿದ್ದ ರಿಜೆಕ್ಟುಗಳನ್ನು ಮತ್ತೆ ಪಟ್ಟಿಯ ಮೇಲೆ ಜಾರಿಸಿದ್ದರಂತೆ. ಅಂದಿನಿಂದ ಎಡಗೈಲಿ ಎತ್ತು, ಬಲಗೈ ಹೆಬ್ಬೆರಳಲ್ಲಿ ಲಟಕ್, ಬುಟ್ಟಿಗೆ ಹಾಕು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಮುರಿದದ್ದನ್ನೆಲ್ಲ ರಾಶಿ ಹಾಕಿದ್ದರೆ ಕಾರ್ಖಾನೆಯ ಗೇಟು ಮುಚ್ಚಿಹೋಗುತ್ತಿತ್ತು.

ಆ ಕೆಲಸವನ್ನು ಗೇಟಿನ ಒಳಗೇ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಈ ಮಹಾತಾಯಿ ಅದನ್ನು ಮನೆಗೂ ತಂದಳು, ಬೀದಿಗೂ ತಂದಳು. ವಯಸ್ಸಿನಲ್ಲಿ ಮೂರು ಗಂಡು ಬಂದಿದ್ದವು. ಒಬ್ಬನಿಗೆ ಒಂದು ಕಿವಿ ಸ್ವಲ್ಪ ಕೆಳಗೆ ಅಂದಳು. ಇನ್ನೊಬ್ಬ ನಗುವಾಗ ಬಾಯಿ ಒಂದೇ ಕಡೆ ಹೋಗುತ್ತೆ ಅಂದಳು. ಮೂರನೆಯವನು ಪಾಪ ಎಲ್ಲಾ ಸರಿಯಾಗಿದ್ದ, ಮೀಸೆ ಮಾತ್ರ ಎಡಗಡೆ ಒಂದು ಎಳೆ ಉದ್ದ. "ಕತ್ತರಿಸಿಕೊಂಡು ಬರ್ತೀನಿ" ಅಂತ ಅವನೇ ಹೇಳಿದರೂ ಇವಳು ಒಪ್ಪಲಿಲ್ಲ. ನಾಲ್ಕನೆಯವನು ಬರಲಿಲ್ಲ. ಬರದೇ ಬಚಾವಾದ.

ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಅವಳಿಗೊಂದು ಓವನ್ ಉಡುಗೊರೆ ಕೊಟ್ಟರು. ಪ್ರೀತಿಯಿಂದ ಕೊಟ್ಟರೋ, ಇನ್ನು ಮೇಲೆ ನೀನೇ ಮಾಡು, ನೀನೇ ಮುರಿ ಅಂತ ಕೊಟ್ಟರೋ, ಕೊಟ್ಟವರಿಗೇ ಗೊತ್ತು. ಬೆಲ್ಟಕ್ಕ ಅದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು, ಮೇಲೆ ಹಳೇ ಮೇಜುಬಟ್ಟೆ ಹೊದಿಸಿದಳು. ಬಿಸ್ಕತ್ತು ಮಾಡೋದು ಕಾರ್ಖಾನೆಯ ಕೆಲಸ, ಮನೆಯಲ್ಲಿ ಮಾಡೋದು ಮಕ್ಕಳಾಟ ಅನ್ನುವುದು ಅವಳ ಖಂಡಿತ ಅಭಿಪ್ರಾಯ. ಅವಳ ಎಲ್ಲಾ ಅಭಿಪ್ರಾಯಗಳೂ ಖಂಡಿತವೇ.

ಆ ಬಟ್ಟೆ ತೆಗೆದವಳು ತಂಗಿ.

ತಂಗಿ ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಎರಡು ಸೂಟ್‌ಕೇಸು ಹಿಡಿದು ಅಕ್ಕನ ಮನೆಗೆ ಬಂದು ಆರು ವರ್ಷವಾಗಿತ್ತು. ಮಕ್ಕಳಿಲ್ಲ, ಕೈಯಲ್ಲಿ ಕೆಲಸವಿಲ್ಲ, ಹೋಗೋಕೆ ಬೇರೆ ಜಾಗವಿಲ್ಲ. ಅಕ್ಕ ಬಾಗಿಲು ತೆಗೆದು ಒಳಗೆ ಕರೆದುಕೊಂಡಳು, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಆದರೆ ಒಳಗೆ ಕರೆದುಕೊಂಡ ಮರುದಿನದಿಂದ ಆ ಹೆಂಗಸನ್ನೂ ಪಟ್ಟಿಯ ಮೇಲೆ ಇಟ್ಟುಬಿಟ್ಟಳು. ಆಲೂಗಡ್ಡೆ ಹೆಚ್ಚಿದರೆ ಒಂದು ಹೋಳು ದಪ್ಪ, ಒಂದು ಹೋಳು ತೆಳು. ಹಾಸಿಗೆ ಹಾಸಿದರೆ ಒಂದು ತುದಿ ನೆಲ ಮುಟ್ಟುತ್ತೆ. ಟವೆಲ್ ಮಡಚಿದರೆ ಅಂಚು ಕೂಡಲ್ಲ.

"ನಿನ್ನ ಕೈಯಲ್ಲಿ ಎರಡು ವಸ್ತು ಒಂದೇ ಥರ ಬರೋದೇ ಇಲ್ವೇನೇ? ಆ ದೇವರು ನಿನಗೆ ಎರಡು ಕೈ ಕೊಟ್ಟಿದ್ದಾನಲ್ಲ, ಅವಾದ್ರೂ ಒಂದೇ ಥರ ಇದೆಯಾ ತೋರಿಸು!"

ತಂಗಿ ಮಡಚಿದ ಟವೆಲನ್ನು ಬಿಡಿಸಿ ಮತ್ತೆ ಮಡಚುತ್ತಿದ್ದಳು. ಎರಡನೇ ಸಲವೂ ಅಂಚು ಕೂಡುತ್ತಿರಲಿಲ್ಲ.

ಅಂಥವಳಿಗೆ ಒಂದು ದಿನ ಫೋನಿನಲ್ಲಿ ಚಾಕೊಲೇಟ್ ಚಿಪ್ ಕುಕೀಸ್ ಮಾಡುವ ವಿಡಿಯೊ ಕಣ್ಣಿಗೆ ಬಿತ್ತು. ಯಾರೋ ಒಬ್ಬಳು, ಉಗುರಿಗೆ ಬಣ್ಣ ಹಚ್ಚಿಕೊಂಡು, ಒಂದು ಕಲೆಯೂ ಇಲ್ಲದ ಅಡುಗೆಮನೆಯಲ್ಲಿ ನಿಂತು, "ತುಂಬಾ ಸುಲಭ, ಹತ್ತೇ ನಿಮಿಷ" ಅಂತ ಉಲಿಯುತ್ತಿದ್ದಳು. ಪಾತ್ರೆ ತೊಳೆಯುವವರು ಬೇರೆ ಇದ್ದರೆ ಯಾರಿಗೆ ತಾನೇ ಸುಲಭವಲ್ಲ? ತಂಗಿ ಅದನ್ನು ನಂಬಿಬಿಟ್ಟಳು. ಮೇಜುಬಟ್ಟೆ ಸರಿಸಿ, ಓವನ್ ಒರೆಸಿ, ಬೆಣ್ಣೆ ಪೂರ್ತಿ ಕರಗಿಸಿ ಸುರಿದು ಮೊದಲನೇ ಸಲ ಮಾಡಿದಳು. ಹನ್ನೆರಡು ಉಂಡೆ ಒಳಗೆ ಹೋದವು, ಹೊರಗೆ ಬಂದದ್ದು ಟ್ರೇಯಷ್ಟು ಅಗಲದ ಒಂದೇ ಒಂದು ಚಪ್ಪಟೆ ಹಾಳೆ.

ಬೆಲ್ಟಕ್ಕ ಬಾಗಿಲಿಗೆ ಒರಗಿ ನಿಂತು ಅದನ್ನು ನೋಡಿದಳು. "ಚಾಪೆ ಮಾಡಿದ್ಯಾ? ಚೆನ್ನಾಗಿದೆ, ಯಾರಾದ್ರೂ ಬಂದ್ರೆ ಹಾಸೋಣ."

ಬೇರೆ ಯಾರಾದರೂ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಯಾವುದಕ್ಕೂ ಎದುರಾಡದ ಈ ತಂಗಿ ಇದೊಂದು ವಿಷಯದಲ್ಲಿ ಮಾತ್ರ ಬಿಡಲಿಲ್ಲ. ಎರಡನೇ ಸಲ ಕಲ್ಲಾಯಿತು, ಮೂರನೇ ಸಲ ಅಡಿ ಸೀದುಹೋಯಿತು. ಬೆಣ್ಣೆಯನ್ನು ಕರಗಿಸಬಾರದು, ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಾದರೆ ಸಾಕು ಅಂತ ತಾನೇ ಕಂಡುಕೊಂಡಳು. ಕಲಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿ ಎರಡು ಗಂಟೆ ಇಟ್ಟರೆ ಹರಡುವುದಿಲ್ಲ ಅಂತ ಕಲಿತಳು. ಆ ಓವನ್‌ನ ಹಿಂದಿನ ಎಡ ಮೂಲೆ ಜಾಸ್ತಿ ಸುಡುತ್ತದೆ, ಅರ್ಧಕ್ಕೆ ಟ್ರೇ ತಿರುಗಿಸಬೇಕು ಅಂತ ಗೊತ್ತಾಯಿತು. ಅಂಗಡಿಯಲ್ಲಿ ಸಿಗುವ ಒಂದೇ ಅಳತೆಯ ಚಿಪ್ಸ್ ಬಿಟ್ಟು, ಚಾಕೊಲೇಟಿನ ಗಟ್ಟಿಯನ್ನೇ ತಂದು ಚಾಕುವಿನಲ್ಲಿ ಕೊಚ್ಚಿ ಹಾಕತೊಡಗಿದಳು. ಎಲ್ಲಕ್ಕಿಂತ ಮುಖ್ಯವಾದದ್ದು, ಅಂಚು ಕೆಂಪಾಗಿ ನಡುಭಾಗ ಇನ್ನೂ ಹಸಿ ಹಸಿ ಅನ್ನಿಸುವಾಗಲೇ ಹೊರಗೆ ತೆಗೆಯಬೇಕು, ಉಳಿದದ್ದು ಟ್ರೇಯ ಬಿಸಿಯಲ್ಲೇ ಬೇಯುತ್ತದೆ. ಇದನ್ನು ಕಲಿಯೋಕೆ ಅವಳಿಗೆ ಮೂರು ತಿಂಗಳು ಹಿಡಿಯಿತು.

ಬೆಲ್ಟಕ್ಕನ ಕಣ್ಣಿಗೆ ಇದರಲ್ಲಿ ಕಂಡದ್ದೇ ಬೇರೆ. "ಇದೊಂದರಲ್ಲಿ ಹನ್ನೊಂದು ತುಂಡು ಚಾಕೊಲೇಟು, ಇನ್ನೊಂದರಲ್ಲಿ ನಾಲ್ಕೇ! ತಿನ್ನೋರು ಲಾಟರಿ ಎತ್ತಬೇಕಾ? ಇದು ನೋಡು, ಒಂದು ಕಡೆ ಊದಿದೆ, ಹಲ್ಲುನೋವು ಬಂದಿರೋ ಹಾಗೆ. ಇನ್ನು ಇದು, ಅಯ್ಯೋ, ಹಿಡಿದ್ರೆ ಬಗ್ಗುತ್ತೆ! ಬಗ್ಗೋದಕ್ಕೆ ಬಿಸ್ಕತ್ತು ಅಂತಾರೇನೇ? ಟಕ್ ಅನ್ನಬೇಕು ಕಣೇ, ಟಕ್!"

"ಇದು ಬಿಸ್ಕತ್ತಲ್ಲ ಅಕ್ಕ, ಕುಕಿ."

"ಹೆಸರು ಬದಲಾಯಿಸಿದ್ರೆ ಸೊಟ್ಟ ನೆಟ್ಟಗಾಗುತ್ತಾ?"

ಪಕ್ಕದ ಮನೆಯ ದರ್ಜಿಗೆ ಒಂದು ತಟ್ಟೆ ಹೋಯಿತು. ಅವನು ತಟ್ಟೆ ವಾಪಸ್ ಕೊಡಲು ಬಂದವನು ಇನ್ನೂ ಇದೆಯಾ ಅಂತ ಕೇಳಿದ. ಹೊಟ್ಟೆಬಾಕ, ಅವನಿಗೆ ಮಣ್ಣು ಕೊಟ್ಟರೂ ಇನ್ನೂ ಇದೆಯಾ ಅಂತಾನೆ ಅಂದಳು ಬೆಲ್ಟಕ್ಕ. ಆಮೇಲೆ ತಂಗಿ ಒಂದು ದಿನ ನಾಲ್ಕು ಕುಕಿಗಳನ್ನು ಕಾಗದದಲ್ಲಿ ಸುತ್ತಿಕೊಂಡು, ಮುಖ್ಯರಸ್ತೆಯ ತಿರುವಿನಲ್ಲಿ ಹೊಸದಾಗಿ ತೆರೆದಿದ್ದ ಕಾಫಿ ಅಂಗಡಿಗೆ ಹೋದಳು. ಹೋಗುವ ಮೊದಲು ಎರಡು ಸಲ ಅಂಗಡಿಯ ಮುಂದೆ ಹಾದುಹೋಗಿ, ಧೈರ್ಯ ಸಾಲದೆ ಹಿಂದೆ ಬಂದಿದ್ದಳಂತೆ. ಅಂಗಡಿಯ ಒಡತಿ ಒಂದನ್ನು ಕಚ್ಚಿದಳು. ಎರಡನೆಯದನ್ನೂ ತಿಂದು, ಬೆರಳು ಒರೆಸಿಕೊಂಡು ಹೇಳಿದಳು: "ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಲವತ್ತು ತನ್ನಿ. ಗಿರಾಕಿಗಳಿಗೆ ಕೊಟ್ಟು ನೋಡ್ತೀನಿ. ಹಿಡಿಸಿದ್ರೆ ಸೋಮವಾರದಿಂದ ದಿನಾ ನಿಮ್ಮದೇ."

ದಿನಾ ನಿಮ್ಮದೇ. ತಂಗಿ ಆ ಮಾತನ್ನು ಮನೆಗೆ ಬಂದು ಮೂರು ಸಲ ಹೇಳಿದಳು. ಐವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಅವಳದು ಅಂತ ಒಂದು ಕೆಲಸ, ಅವಳು ಯಾರ ಹೆಂಡತಿ, ಯಾರ ತಂಗಿ ಅಂತ ಕೇಳದೆ ಕೊಟ್ಟ ಕೆಲಸ. ಆ ವಾರವೆಲ್ಲ ಅವಳು ಗುನುಗುನು ಹಾಡಿಕೊಂಡು ಓಡಾಡಿದಳು. ಅವಳಿಗೆ ಹಾಡು ಬರುತ್ತದೆ ಅನ್ನುವುದೇ ಬೆಲ್ಟಕ್ಕನಿಗೆ ಮರೆತುಹೋಗಿತ್ತು. ನೆನಪಾದ ಮೇಲೆ ಶ್ರುತಿ ಸರಿಯಿಲ್ಲ ಅಂದಳು, ಬಿಡಿ.

ಶನಿವಾರ ತಂಗಿ ಐದಕ್ಕೇ ಎದ್ದು ಓವನ್ ಹಚ್ಚಿದಳು. ಬೆಲ್ಟಕ್ಕನೂ ಎದ್ದು ಬಂದಳು. ಮಲಗಲಾರಳು, ಕೂರಲಾರಳು. ಹೊರಗೆ ತೋರಿಸಿಕೊಳ್ಳದಿದ್ದರೂ ಅವಳಿಗೊಂದು ಭಯ ಹತ್ತಿತ್ತು. ಇಡೀ ಬೀದಿಗೆ ಗೊತ್ತು ತಾನು ಯಾರು ಅಂತ. ನಾಳೆ ಆ ಅಂಗಡಿಯಲ್ಲಿ ಕೂತವರು, 'ಬೆಲ್ಟಕ್ಕನ ಮನೆಯಿಂದ ಬಂದಿದ್ದಂತೆ, ಸೊಟ್ಟಂಪಟ್ಟ' ಅಂದರೆ? ಇಪ್ಪತ್ತೆಂಟು ವರ್ಷದ ಮರ್ಯಾದೆ ಒಂದು ತಟ್ಟೆಯಲ್ಲಿ ಹೋಗುವುದಿಲ್ಲವೇ?

"ಒಂದು ಆರು ನನಗೆ ಬಿಡು. ಹೇಗೆ ಮಾಡಬೇಕು ಅಂತ ತೋರಿಸ್ತೀನಿ" ಅಂದಳು.

ತಂಗಿ ಖುಷಿಯಲ್ಲಿದ್ದಳು, ಬಿಟ್ಟಳು. ಬೆಲ್ಟಕ್ಕ ಪಾತ್ರೆಯ ತಳದಲ್ಲಿ ಉಳಿದಿದ್ದ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ಆರು ಸಮ ಉಂಡೆ ಮಾಡಿದಳು. ಹಿಟ್ಟಿನಲ್ಲಿದ್ದ ಚಾಕೊಲೇಟು ಆರಿಸಿ ತೆಗೆದು, ಪ್ರತಿಯೊಂದಕ್ಕೂ ಎಣಿಸಿ ಏಳೇಳು ತುಂಡು ಚುಚ್ಚಿದಳು. ತಂಗಿ ಹೇಳಿದ್ದಕ್ಕಿಂತ ಆರು ನಿಮಿಷ ಜಾಸ್ತಿ ಬೇಯಿಸಿದಳು, ಬಿಸಿಯಿರುವಾಗಲೇ ಒಂದು ಬಟ್ಟಲನ್ನು ಮಗುಚಿ ಸುತ್ತ ಒತ್ತಿ ಅಂಚು ಕತ್ತರಿಸಿದಳು. ಆರೂ ಒಂದೇ ಅಚ್ಚು, ನಾಣ್ಯದ ಹಾಗೆ ಗುಂಡಗೆ. ಬೆರಳಲ್ಲಿ ತಟ್ಟಿದರೆ ಟಕ್ ಟಕ್. ಅವಳಿಗೇ ಅವಳ ಮೇಲೆ ಮೆಚ್ಚುಗೆ ಉಕ್ಕಿ ಬಂತು.

ಒಂಬತ್ತೂವರೆಗೆ ನಲವತ್ತೂ ಊಟದ ಮೇಜಿನ ಮೇಲೆ ಬಿಳಿ ಬಟ್ಟೆಯ ಮೇಲೆ ಆರುತ್ತಿದ್ದವು. ತಂಗಿ ಸ್ನಾನಕ್ಕೆ ಹೊರಟಳು. ಸ್ನಾನ ಮುಗಿಸಿ, ಒಳ್ಳೆಯ ಬಟ್ಟೆ ಇಸ್ತ್ರಿ ಮಾಡಿಕೊಂಡು ಹೊರಡುವಷ್ಟರಲ್ಲಿ ಹತ್ತೂವರೆ ಆಗುತ್ತದೆ.

"ಅಕ್ಕ, ಸ್ವಲ್ಪ ನೋಡ್ಕೊಂಡಿರು" ಅಂದಳು. ನೊಣ ಕೂರದ ಹಾಗೆ ನೋಡಿಕೋ ಅಂತ ಅವಳ ಅರ್ಥ. ಯಾರಿಗೆ ಹೇಳುತ್ತಿದ್ದೇನೆ ಅನ್ನುವುದನ್ನು ಅವಳು ಒಂದು ಗಳಿಗೆ ಮರೆತಳು.

ಬೆಲ್ಟಕ್ಕ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದಳು. ಮೊದಲ ಸಾಲಿನ ಮೂರನೆಯದು ಕಣ್ಣಿಗೆ ಚುಚ್ಚಿತು, ಒಂದು ಕಡೆ ಚೂಪಾಗಿತ್ತು. ಇದನ್ನು ಕಳಿಸಿದರೆ ಮಾನ ಹೋಗುತ್ತದೆ. ಎತ್ತಿದಳು. ಎತ್ತಿದ ಮೇಲೆ ಎಡಗೈಗೆ ಬಲಗೈ ಗೊತ್ತು, ಬಲಗೈಗೆ ಹೆಬ್ಬೆರಳು ಗೊತ್ತು. ಅದು ಟಕ್ ಅನ್ನಲಿಲ್ಲ, ಮೆತ್ತಗೆ ಹರಿದುಕೊಂಡಿತು, ಒಳಗಿನ ಚಾಕೊಲೇಟು ಬೆರಳಿಗೆ ಮೆತ್ತಿತು. ಮೂತಿ ಸೊಟ್ಟಗೆ ಮಾಡಿಕೊಂಡು ಪಕ್ಕದ ಬೋಗುಣಿಗೆ ಹಾಕಿದಳು. ಅದರ ಪಕ್ಕದ್ದು ನೋಡಿದಳು, ದೊಡ್ಡದಾಯಿತು. ಅದರಾಚೆಯದು ಬಣ್ಣ ಕಡಿಮೆ. ಅಲ್ಲಿಂದ ಮುಂದೆ ಅವಳು ಯೋಚನೆ ಮಾಡಲಿಲ್ಲ. ಕೈಗೆ ವೇಗ ಬಂತು, ಬೆನ್ನು ನೆಟ್ಟಗಾಯಿತು. ನಿವೃತ್ತಿಯಾದ ಮೇಲೆ ಇಷ್ಟು ಖುಷಿಯಾಗಿ ಅವಳು ಒಂದು ದಿನವೂ ಇರಲಿಲ್ಲ. ಎತ್ತು, ಮುರಿ, ಹಾಕು. ಎತ್ತು, ಮುರಿ, ಹಾಕು. ಎಂಥ ಕೆಲಸಗಾರ್ತಿ ಅಂತೀರಿ!

ಕೈ ನಿಂತಾಗ ಮೇಜಿನ ಮೇಲೆ ಆರು ಉಳಿದಿದ್ದವು. ಯಾವ ಆರು ಅಂತ ಹೇಳಬೇಕಾಗಿಲ್ಲ.

ತಂಗಿ ತಲೆ ಒರೆಸಿಕೊಳ್ಳುತ್ತಾ ಬಂದಳು. ಮೇಜು ನೋಡಿದಳು, ಬೋಗುಣಿ ನೋಡಿದಳು, ಅಕ್ಕನ ಕೈ ನೋಡಿದಳು.

"ಆರಿಸಿಟ್ಟಿದ್ದೀನಿ" ಅಂದಳು ಬೆಲ್ಟಕ್ಕ. ಹೆಮ್ಮೆ ಇನ್ನೂ ಇಳಿದಿರಲಿಲ್ಲ. "ಆರು ಪಾಸು. ಕಡಿಮೆ ಆಯ್ತು ನಿಜ, ಆದರೆ ಅವರು ಒಂದೇ ಒಂದು ತಪ್ಪು ತೋರಿಸಲಿ ನೋಡೋಣ."

ತಂಗಿ ಮೇಜಿನ ಅಂಚು ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಳು. ಒದ್ದೆ ಟವೆಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ.

"ಮುರಿದಿದ್ದು ಯಾಕಕ್ಕ?"

"ರಿಜೆಕ್ಟ್ ಆದ್ಮೇಲೆ ಮುರೀದೆ?"

"ಇಲ್ಲಿ ಯಾರು ವಾಪಸ್ ಪಟ್ಟಿ ಮೇಲೆ ಹಾಕ್ತಿದ್ರು?"

ಬೆಲ್ಟಕ್ಕ ಬೋಗುಣಿಯ ಕಡೆ ತಿರುಗಿದಳು. ಆಗ, ಆಗ ಮಾತ್ರ, ಅದರಲ್ಲಿ ಏನಿದೆ ಅನ್ನುವುದು ಅವಳಿಗೆ ಕಂಡಿತು. ಮೂವತ್ತನಾಲ್ಕು. ಎದೆ ಧಸಕ್ಕೆಂದಿತು. ಆದರೆ ಎದೆ ಧಸಕ್ಕೆಂದಾಗ ಸುಮ್ಮನಿರಲು ಬರುವ ಜನ ಬೇರೆ, ಇವಳು ಬೇರೆ. "ಏನು ಮಹಾ ಆಯ್ತೀಗ? ಒಳ್ಳೇದು ಆರಿದೆಯಲ್ಲ, ಮಾದರಿಗೆ ಅದೇ ಸಾಕು!" ಅಂತ ಗಂಟಲು ಏರಿಸಿದಳು.

"ಆ ಆರೂ ನಿನ್ನವು. ನೀನೇ ತಗೊಂಡು ಹೋಗು."

"ಹೋಗ್ತೀನಿ. ನನಗೇನು ಹೆದರಿಕೆನಾ?"

ಹೋದಳು. ಆರನ್ನೂ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಕೊಂಡು, ಹನ್ನೊಂದಕ್ಕೆ ಸರಿಯಾಗಿ ಕಾಫಿ ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯಲ್ಲಿ ಐದಾರು ಮೇಜು, ಕಿಟಕಿಯ ಪಕ್ಕ ಒಬ್ಬ ಪತ್ರಿಕೆ ಓದುತ್ತಾ ಕೂತಿದ್ದ. ಗಲ್ಲಾಪೆಟ್ಟಿಗೆಯ ಪಕ್ಕ ದೊಡ್ಡ ಗಾಜಿನ ಜಾಡಿಯೊಂದನ್ನು ತೊಳೆದು ಒರೆಸಿ, ಖಾಲಿ ಇಟ್ಟಿದ್ದರು. ಅದು ಯಾವುದಕ್ಕೆ ಇಟ್ಟದ್ದು ಅಂತ ಬೆಲ್ಟಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು.

ಒಡತಿ ಡಬ್ಬಿ ತೆರೆದಳು. "ಆರೇನಾ? ನಲವತ್ತು ಹೇಳಿದ್ದೆನಲ್ಲ. ಅವರೆಲ್ಲಿ?"

"ನಾನು ಅವಳ ಅಕ್ಕ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದೋಳು. ಆರಿಸಿ ಆರಿಸಿ ತಂದಿದ್ದೀನಿ, ನೋಡಿ, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸ ಇಲ್ಲ."

ಒಡತಿ ಒಂದನ್ನು ಎತ್ತಿ ಕಚ್ಚಿದಳು. ಕಟಕ್! ಕಿಟಕಿಯ ಪಕ್ಕದವನು ಪತ್ರಿಕೆ ಇಳಿಸಿ ನೋಡಿದ. ಒಡತಿ ಸ್ವಲ್ಪ ಹೊತ್ತು ಅಗಿದು, ಕಷ್ಟಪಟ್ಟು ನುಂಗಿ, ಅರ್ಧ ಉಳಿದದ್ದನ್ನು ಡಬ್ಬಿಗೇ ಹಾಕಿದಳು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಇಂಥದ್ದು ಬೇಕಿದ್ರೆ ನಾನು ಪ್ಯಾಕೆಟ್ಟೇ ತರಿಸ್ತಿದ್ದೆ. ಗೋಡೌನಲ್ಲಿ ಎರಡು ಪೆಟ್ಟಿಗೆ ಇದೆ, ಯಾರೂ ಮುಟ್ಟಲ್ಲ. ನಿಮ್ಮ ತಂಗಿ ತಂದಿದ್ದು ಬೇರೆ ಇತ್ತು. ಒಂದು ಇದ್ದ ಹಾಗೆ ಇನ್ನೊಂದು ಇರಲಿಲ್ಲ. ಮೆತ್ತಗೆ, ಒಳಗೆ ಚಾಕೊಲೇಟು ಇನ್ನೂ... ಅದೇ ನನಗೆ ಬೇಕಾಗಿದ್ದು."

"ಅದರ ಆಕಾರ ನೋಡಿದ್ರಾ ನೀವು?"

"ನಾನು ಕಣ್ಣು ಮುಚ್ಕೊಂಡು ತಿಂದೆ" ಅಂತ ಒಡತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ನೋಡಿ, ಸಂಜೆ ನಾಲ್ಕರೊಳಗೆ ಅವರೇ ತಂದುಕೊಟ್ರೆ ಸರಿ, ಇಪ್ಪತ್ತಾದ್ರೂ ಪರವಾಗಿಲ್ಲ. ಇಲ್ಲಾಂದ್ರೆ ಹಿಂದಿನ ಬೀದಿಯ ಕೇಕಿನವನಿಗೆ ಹೇಳಿಬಿಡ್ತೀನಿ. ಸೋಮವಾರ ಜಾಡಿ ಖಾಲಿ ಇಡೋಕಾಗಲ್ಲ. ಮರೀದೆ ಹೇಳಿ ಅವರಿಗೆ."

ಬೆಲ್ಟಕ್ಕ ಡಬ್ಬಿ ಮುಚ್ಚಿಕೊಂಡು ಕೆಳಗಿಳಿದಳು. ಕಿವಿ ಬಿಸಿಯಾಗಿತ್ತು. ಅವಳನ್ನು, ಅವಳನ್ನು, ಒಬ್ಬ ಕಾಫಿ ಕಾಸುವವಳು ರಿಜೆಕ್ಟ್ ಮಾಡಿದ್ದಳು! ಅದೂ ಪತ್ರಿಕೆ ಓದುವವನ ಎದುರಿಗೆ! ಮನೆ ಹದಿನೈದು ನಿಮಿಷದ ದಾರಿ, ಅವಳು ಅರ್ಧ ಗಂಟೆ ನಡೆದಳು. ಔಷಧಿ ಅಂಗಡಿಯ ಹತ್ತಿರ ಬರುವಾಗ ಒಂದು ಯೋಚನೆ ಹೊಳೆಯಿತು. ಬೇಡವಂತೆ ಅಂದುಬಿಟ್ಟರೆ ಮುಗಿಯಿತು. ಸುಳ್ಳೇನಲ್ಲ, ಬೇಡ ಅಂದದ್ದು ನಿಜ ತಾನೇ? ಯಾವುದು ಬೇಡ ಅಂದರು ಅಂತ ಬಿಡಿಸಿ ಹೇಳುವ ಅಗತ್ಯ ಏನಿದೆ? ನಾಲ್ಕು ಗಂಟೆ ಕಳೆಯುತ್ತದೆ, ಕೇಕಿನವನು ಬರುತ್ತಾನೆ, ಓವನ್ ಮೇಲೆ ಮತ್ತೆ ಬಟ್ಟೆ ಬೀಳುತ್ತದೆ. ಮನೆ ಮೊದಲಿನ ಹಾಗಿರುತ್ತದೆ. ಛೀ ಅನ್ನಿಸಿತು ಒಂದು ಸಲ. ಆದರೆ ನಡೆಯುತ್ತಾ ನಡೆಯುತ್ತಾ ಛೀ ಹಿಂದೆ ಉಳಿಯಿತು, ಮಾತು ಬಾಯಿಗೆ ಬಂದು ಕೂತಿತು.

ತಂಗಿ ಟ್ರೇಗಳನ್ನು ತೊಳೆದು ಮಗುಚಿಟ್ಟಿದ್ದಳು. ಬೋಗುಣಿ ಮೇಜಿನ ಮೇಲೇ ಇತ್ತು.

"ಏನಂದ್ರು?"

"ಬೇಡವಂತೆ."

ಬೆಲ್ಟಕ್ಕ ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು. ನಿನ್ನಿಂದಲೇ ಹೀಗಾಯ್ತು ಅಂತ ತಂಗಿ ಕೂಗಿದ್ದರೆ ಇವಳೂ ಕೂಗಿ ಸಮ ಮಾಡಿಕೊಳ್ಳುತ್ತಿದ್ದಳು. ತಂಗಿ ಕೂಗಲಿಲ್ಲ. ತಲೆ ಆಡಿಸಿದಳು, ಅಷ್ಟೇ. "ಸರಿ ಬಿಡು. ನೀನು ಮೊದಲಿಂದ ಹೇಳ್ತಾನೇ ಇದ್ದೆ. ನನ್ನ ಕೈಯಲ್ಲಿ ಎರಡು ಒಂದೇ ಥರ ಬರಲ್ಲ" ಅಂದಳು. ಅದರಲ್ಲಿ ಕೊಂಕು ಇರಲಿಲ್ಲ. ನಂಬಿಯೇ ಹೇಳಿದಳು. ಆರು ವರ್ಷ ಕೇಳಿ ಕೇಳಿ ನಂಬಿಬಿಟ್ಟಿದ್ದಳು. ಬೋಗುಣಿ ಎತ್ತಿಕೊಂಡು ಹಿತ್ತಲಿನ ಕಸದ ಡಬ್ಬದ ಕಡೆ ಹೊರಟಳು.

"ತಡಿ, ಬೆಣ್ಣೆ ಹಾಕಿದ್ದು, ಹಾಗೆ ಯಾರಾದ್ರೂ ಬಿಸಾಕ್ತಾರಾ?" ಅಂತ ಬೆಲ್ಟಕ್ಕ ಬೋಗುಣಿ ಕಿತ್ತುಕೊಂಡಳು. ಏನಾದರೂ ಮಾಡಬೇಕು, ಕೈ ಸುಮ್ಮನಿರಲಾರದು. ಮೇಲಿದ್ದ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು.

ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಕುಕಿ ಬೇಯುತ್ತಿತ್ತು. ಬೆಲ್ಟಕ್ಕ ಒಂದು ದಿನವೂ ತಿಂದಿರಲಿಲ್ಲ. ಪಟ್ಟಿಯ ಹತ್ತಿರ ತಿನ್ನುವ ಹಾಗಿರಲಿಲ್ಲ, ಕಣ್ಣಲ್ಲೇ ಎಲ್ಲಾ ಮುಗಿಯುತ್ತಿತ್ತು. ತಿಂದು ನೋಡಬೇಕು ಅಂತ ಅವಳಿಗೆ ಅನ್ನಿಸಿಯೂ ಇರಲಿಲ್ಲ.

ಮೊದಲು ಉಪ್ಪು ಬಂತು, ಹಿಂದೆಯೇ ಬೆಣ್ಣೆ. ಅಂಚು ಸ್ವಲ್ಪ ಗರಿಗರಿ, ಒಳಗೆ ಮೆತ್ತಗೆ. ಚಾಕೊಲೇಟಿನ ಒಂದು ದಪ್ಪ ತುಂಡು ನಾಲಿಗೆಯ ಮೇಲೆ ನಿಧಾನವಾಗಿ ಕರಗಿತು. ಚೆನ್ನಾಗಿತ್ತು. ಸುಮ್ಮನೆ ಚೆನ್ನಾಗಿರಲಿಲ್ಲ, ಇಪ್ಪತ್ತೆಂಟು ವರ್ಷ ಅವಳು ಪಾಸು ಮಾಡಿ ಕಳಿಸಿದ್ದರಲ್ಲಿ ಒಂದೂ ಇದರ ಹತ್ತಿರ ಬರುವಂತಿರಲಿಲ್ಲ. ಬೆಲ್ಟಕ್ಕನಿಗೆ ನಾಚಿಕೆಯಾಯಿತು. ಬೋಗುಣಿಯನ್ನು ಮತ್ತೆ ಮೇಜಿನ ಮೇಲಿಟ್ಟಳು.

"ನನ್ನದು ಬೇಡವಂತೆ" ಅಂದಳು.

ತಂಗಿ ತಿರುಗಿದಳು. "ಏನು?"

"ಬೇಡ ಅಂದಿದ್ದು ನಾನು ಮಾಡಿದ್ದನ್ನ. ನಿನ್ನದು ಬೇಕಂತೆ. ನಾಲ್ಕು ಗಂಟೆಯೊಳಗೆ ನೀನೇ ತರಬೇಕಂತೆ. ಇಪ್ಪತ್ತಾದ್ರೂ ಸಾಕಂತೆ."

ತಂಗಿ ನೇರವಾಗಿ ಅವಳ ಮುಖ ನೋಡಿದಳು. ಆರು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಬೆಲ್ಟಕ್ಕನೇ ಕಣ್ಣು ತಪ್ಪಿಸಿದಳು.

"ಕುಕಿ ಮುರಿದಿದ್ದನ್ನ ಕೈ ಅಭ್ಯಾಸ ಅಂತ ಬಿಡ್ತಿದ್ದೆ ಅಕ್ಕ. ಈಗ ಬಂದು ಬೇಡವಂತೆ ಅಂದ್ಯಲ್ಲ, ಅದು ಯಾವ ಅಭ್ಯಾಸ?"

ಬೆಲ್ಟಕ್ಕ ಕನ್ನಡಕ ತೆಗೆದು ಒರೆಸತೊಡಗಿದಳು.

"ಗಂಟೆ ಎಷ್ಟು?" ಅಂತ ತಂಗಿಯೇ ಕೇಳಿದಳು.

"ಹನ್ನೆರಡಾಗ್ತಾ ಬಂತು. ಬೆಣ್ಣೆ ಸಾಲುತ್ತಾ? ನಾನು ಓಡಿಹೋಗಿ ತರ್ತೀನಿ. ಚಾಕೊಲೇಟು ನಾನು ಕೊಚ್ಚಿ ಕೊಡ್ಲಾ? ಹೆಂಗಾದ್ರೂ ಹಂಗೆ ಕೊಚ್ಚುತ್ತೀನಿ, ದೊಡ್ಡದು ಚಿಕ್ಕದು..."

"ಏನೂ ಬೇಡ. ನೀನು ಹೊರಗೆ ಕೂತ್ಕೋ."

ಅಡುಗೆಮನೆಯ ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿತು. ಮನೆ ಬೆಲ್ಟಕ್ಕನದು, ಓವನ್ ಬೆಲ್ಟಕ್ಕನದು, ಚಿಲಕವನ್ನೂ ಅವಳೇ ಬಡಗಿಯ ತಲೆ ತಿಂದು ನೇರವಾಗಿ ಕೂರಿಸಿದ್ದಳು. ಈಗ ಹೊರಗಿನ ಮೆಟ್ಟಿಲ ಮೇಲೆ ಮೊಣಕಾಲು ಹಿಡಿದುಕೊಂಡು ಕೂತಳು. ಎಷ್ಟೋ ಹೊತ್ತು ಬರೀ ಬಿಸಿಲು. ಫ್ರಿಜ್ಜಿನಲ್ಲಿ ಹಿಟ್ಟು ಕೂತಿರಬೇಕು. ಎರಡೂವರೆ ಹೊತ್ತಿಗೆ ಬೆಣ್ಣೆಯ ವಾಸನೆ ಬಾಗಿಲ ಸಂದಿಯಿಂದ ಹೊರಟು ಬೀದಿಗೆ ಬಂತು.

ಪಕ್ಕದ ಮನೆಯ ದರ್ಜಿ ಕಿಟಕಿಯಿಂದ ಮೂಗು ಹೊರಗೆ ಹಾಕಿದ. "ಏನು ಬೆಲ್ಟಕ್ಕ, ಇವತ್ತು ಇನ್‌ಸ್ಪೆಕ್ಷನ್ ಇಲ್ವಾ? ಹೊರಗೆ ಕೂತಿದ್ದೀರಿ?"

"ನಿನ್ನ ಹೊಲಿಗೆ ನೀನು ನೋಡ್ಕೋ" ಅಂದಳು. ಎಂದಿನ ಖಾರ ಅದರಲ್ಲಿ ಇರಲಿಲ್ಲ. ದರ್ಜಿಗೂ ಗೊತ್ತಾಯಿತೋ ಏನೋ, ಮತ್ತೆ ಕೆಣಕದೆ ಒಳಗೆ ಹೋದ.

ಮೂರೂಕಾಲಿಗೆ ಬಾಗಿಲು ತೆರೆಯಿತು. ತಂಗಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, ಅಗಲವಾದ ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಬಂದಳು. ಡಬ್ಬಿ ಇನ್ನೂ ಬೆಚ್ಚಗಿರಬೇಕು, ಕೆಳಗೆ ಬಟ್ಟೆ ಮಡಚಿ ಇಟ್ಟುಕೊಂಡಿದ್ದಳು. ಬೆಲ್ಟಕ್ಕ ಮೆಟ್ಟಿಲಿಂದ ಎದ್ದು ನಿಂತು ಕೈ ಚಾಚಿದಳು.

"ತೆಗಿ, ಒಂದು ಸಲ ನೋಡ್ತೀನಿ. ಮುಟ್ಟಲ್ಲ. ಬರೀ ನೋಡ್ತೀನಿ ಕಣೇ."

ತಂಗಿ ಮುಚ್ಚಳದ ಮೇಲೆ ಅಂಗೈ ಒತ್ತಿದಳು.

"ನೋಡೋದು ಬೇಡ ಅಕ್ಕ. ಅಲ್ಲಿ ತಿನ್ನೋರಿದ್ದಾರೆ."

ಅಷ್ಟು ಹೇಳಿ ಇಳಿದು ಹೋದಳು. ಓಡಲಿಲ್ಲ, ತಿರುಗಿ ನೋಡಲಿಲ್ಲ. ಔಷಧಿ ಅಂಗಡಿಯ ಮೂಲೆಯಲ್ಲಿ ಮರೆಯಾಗುವ ತನಕ ಬೆಲ್ಟಕ್ಕ ಚಾಚಿದ ಕೈ ಇಳಿಸದೆ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಅಡುಗೆಮನೆಯ ದೀಪ ಹಾಕಿದಳು. ತಟ್ಟೆ ಎತ್ತಿ ನೋಡಿದಳು, ಓವನ್ ಬಾಗಿಲು ತೆಗೆದು ನೋಡಿದಳು, ಮುರಿದ ತುಂಡುಗಳ ಬೋಗುಣಿ ಪಕ್ಕಕ್ಕಿಟ್ಟು ಮೇಜಿನ ಮೇಲಿನ ಬಟ್ಟೆ ಸರಿಸಿಯೂ ನೋಡಿದಳು. ಹೊಸದರಲ್ಲಿ ಅಕ್ಕನಿಗೆ ಅಂತ ತಂಗಿ ಒಂದನ್ನೂ ಇಟ್ಟುಹೋಗಿರಲಿಲ್ಲ.